ಕಿನ್ಸೆಲಾ ನಕ್ಷೆಯಲ್ಲಿ ನಾನು ಅಳಿಸಿದ ಚುಕ್ಕಿಗಳು

ಕಿನ್ಸೆಲಾ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಸಿಂಗಾಪುರದ ಉಬಿ ಬಡಾವಣೆಯಲ್ಲಿರುವ ನಮ್ಮ ಕಚೇರಿಯಲ್ಲಿ. ಕೆಳಗಿನ ಮಹಡಿ ಕಾರು ರಿಪೇರಿಯವರದು. ಅವರು ಬಣ್ಣ ಹೊಡೆಯುವ ದಿನ ಆ ವಾಸನೆ ಮೆಟ್ಟಿಲು ಹತ್ತಿ ಬಂದು ನಮ್ಮ ಕಾಗದಗಳಿಗೂ ಮೆತ್ತಿಕೊಳ್ಳುತ್ತದೆ. ಅಂಥದ್ದೊಂದು ಬೆಳಿಗ್ಗೆ ಕಚೇರಿ ನಡೆಸುವ ಮೇಡಂ ತಮ್ಮ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

"ಇದು ಅರ್ಜೆಂಟ್ ಆರ್ಡರ್ ರೀ. ಐರಿಷ್ ಸರ್‌ನೇಮ್. ನೀವು ಕಾನ್ವೆಂಟಲ್ಲಿ ಓದಿದವರು, ಐರಿಷ್ ಸಿಸ್ಟರ್ಸ್ ಹತ್ರ ಕಲ್ತಿದ್ದೀರ. ನೀವೇ ಹ್ಯಾಂಡಲ್ ಮಾಡಿ."

ಆ ಸಿಸ್ಟರುಗಳು ನನಗೆ ಕಲಿಸಿದ್ದು ಓರೆ ಅಕ್ಷರ, ಕ್ರೋಶಾ ಹೆಣಿಗೆ ಮತ್ತು ಬಾಯಿ ಮುಚ್ಚಿಕೊಂಡು ಅಗಿಯುವುದು. ತಮ್ಮ ಊರಿನ ಬಗ್ಗೆ ಅವರು ಒಂದು ಮಾತೂ ಆಡಿದವರಲ್ಲ. ಆದರೂ ತಲೆಯಾಡಿಸಿದೆ. ಮನೆ ನೋಡಿಕೊಂಡಿದ್ದ ನನ್ನಂಥವಳಿಗೆ ಸಿಕ್ಕ ಈ ಅರ್ಧ ದಿನದ ಕೆಲಸ ನನಗೆ ಬಹಳ ಇಷ್ಟವಾಗಿತ್ತು.

ನಾವು ಮಾಡುವುದು ಹೆಸರಿನ ಹಾಳೆ. ಹುಟ್ಟುಹಬ್ಬಕ್ಕೋ ಮದುವೆಯ ವರ್ಷಕ್ಕೋ ಜನ ತಮ್ಮ ಮನೆತನದ ಹೆಸರಿನ ಕಥೆಯನ್ನು ಚೌಕಟ್ಟು ಹಾಕಿಸಿ ಉಡುಗೊರೆ ಕೊಡುತ್ತಾರೆ. ಮೇಲೆ ಹೆಸರಿನ ಅರ್ಥ, ನಡುವೆ ಅದು ಹುಟ್ಟಿದ ನೆಲ, ಕೆಳಗೆ ಅದು ಹರಡಿದ ನಕ್ಷೆ. ಮೇಡಂ ಬೆಂಗಳೂರಿನವರು, ಇಲ್ಲಿ ಪಿಆರ್, ಅಂದರೆ ಕಾಯಂ ನಿವಾಸಿ, ಆಗಿ ಬಹಳ ಕಾಲವಾಯಿತು. ನಕ್ಷೆಯ ವಿಷಯದಲ್ಲಿ ಅವರದು ಒಂದೇ ಕಟ್ಟಳೆ: ದಾರಿಯಿಲ್ಲದ ಚುಕ್ಕಿ ಇಡಬಾರದು. ಒಂದು ಹೆಸರು ಒಂದು ಊರಿಗೆ ಹೋಗಿದೆ ಎಂದರೆ ಹಡಗಿನಲ್ಲೋ ಸೈನ್ಯದಲ್ಲೋ ಕೂಲಿಗೋ ಹೋಗಿರಬೇಕು. ದಾರಿ ಸಿಕ್ಕರೆ ಗೆರೆ ಎಳೆಯಬೇಕು, ಸಿಗದಿದ್ದರೆ ಚುಕ್ಕಿ ಅಳಿಸಬೇಕು.

ಹಾಳೆ ಬೇಕಾಗಿದ್ದದ್ದು ಇಲ್ಲಿನ ಬೆಡೋಕ್ ಬಡಾವಣೆಯಲ್ಲಿರುವ, ಕಿನ್ಸೆಲಾ ಮನೆತನದ ಒಬ್ಬ ಅಂಕಲ್‌ಗೆ. ಅವರಿಗೆ ಎಂಬತ್ತು ತುಂಬುವುದರಲ್ಲಿತ್ತು. ಆರ್ಡರ್ ಕೊಟ್ಟವಳು ಅವರ ಮಗಳು, ಶಾಲೆಯ ಟೀಚರ್. ಯುದ್ಧದ ಕಾಲದಲ್ಲಿ ತಂದೆ ತೀರಿಕೊಂಡದ್ದರಿಂದ ಅಂಕಲ್ ಬೆಳೆದದ್ದು ಅಜ್ಜನ ಕೈಯಲ್ಲಿ. ಆ ಅಜ್ಜ ಸಾಯುವ ಮುಂಚೆ ತಮ್ಮ ಜಪಮಾಲೆಯನ್ನು ಮೊಮ್ಮಗನ ಕೈಗಿಟ್ಟು, ತಾವು ಚಿಕ್ಕಂದಿನಲ್ಲಿ ಮೊದಲು ಮಂಡಿಯೂರಿದ್ದ ಮರಿಯ ಮಾತೆಯ ಪಾದದಲ್ಲಿ ಇದನ್ನು ಇಟ್ಟು ಬಾ ಎಂದಿದ್ದರಂತೆ. ಯಾವ ಊರು ಎಂದು ಹೇಳಲಿಲ್ಲ. ಅಂಕಲ್ ಅದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದಿದ್ದರು. ಈಗ ಮಂಡಿ ಸವೆದಿದೆ, ದೂರದ ಪ್ರಯಾಣ ಮಾಡುವುದಾದರೆ ಇದೊಂದೇ ಸಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೆಸರು ಐರಿಷ್ ಆದ್ದರಿಂದ ಮಗಳು ಐರ್ಲೆಂಡಿಗೆ ಟಿಕೆಟ್ ಬುಕ್ ಮಾಡಿದ್ದಳು. ಅಲ್ಲಿ ಯಾವ ಚರ್ಚಿನ ಮುಂದೆ ಟ್ಯಾಕ್ಸಿ ನಿಲ್ಲಿಸಬೇಕು ಎಂಬುದನ್ನು ನನ್ನ ಹಾಳೆ ಹೇಳಬೇಕಾಗಿತ್ತು.

ಹೆಸರಿನ ಮೂಲ ಹುಡುಕುವುದು ಕಷ್ಟವಾಗಲಿಲ್ಲ. ಐರಿಷ್ ಹೆಸರೆಂದರೆ ಮೊದಲಲ್ಲಿ ಮೊಮ್ಮಗ ಎಂಬರ್ಥದ 'ಓ' ಅಥವಾ ಮಗ ಎಂಬರ್ಥದ 'ಮ್ಯಾಕ್' ಇರುತ್ತದೆಂದು ನಾನು ತಿಳಿದಿದ್ದೆ. ಕಿನ್ಸೆಲಾಕ್ಕೆ ಎರಡೂ ಇಲ್ಲ. ಅಲ್ಲಿನ ಹಳೆಯ ಹೆಸರುಗಳಲ್ಲಿ ಇದು ಅಪರೂಪ. ಹನ್ನೆರಡನೆಯ ಶತಮಾನದಲ್ಲಿ ಲೆನ್ಸ್ಟರ್ ಎಂಬ ಪೂರ್ವದ ಸೀಮೆಯನ್ನು ಆಳುತ್ತಿದ್ದ ರಾಜನ ಮಗನೊಬ್ಬ, ಇನ್ನೂ ಹಳೆಯ ಕುಲವೊಂದರ ಹೆಸರನ್ನು ತನಗೆ ಇಟ್ಟುಕೊಂಡ. ಅವನ ವಂಶದವರು ವೆಕ್ಸ್‌ಫರ್ಡ್ ಎಂಬ ಕೌಂಟಿಯ ಉತ್ತರ ಭಾಗದಲ್ಲಿ ನೆಲೆಯೂರಿದರು. ಆ ರಾಜನೇ ಕಳೆದುಕೊಂಡ ಗದ್ದುಗೆಗಾಗಿ ಸಮುದ್ರದಾಚೆಯಿಂದ ನಾರ್ಮನ್ ಯೋಧರನ್ನು ಕರೆತಂದವನು, ಐರ್ಲೆಂಡಿನ ಕಷ್ಟಗಳೆಲ್ಲ ಅಲ್ಲಿಂದ ಶುರುವಾದವು ಎಂದು ಜನ ಈಗಲೂ ಅವನನ್ನು ಬೈಯುತ್ತಾರೆ ಎಂದು ಓದಿ ನಾನು ಕುರ್ಚಿಯಲ್ಲೇ ಹಿಂದೆ ಸರಿದೆ. ಹುಟ್ಟುಹಬ್ಬದ ಹಾಳೆಯಲ್ಲಿ ಇದನ್ನು ಹೇಗೆ ಬರೆಯುವುದು? ಅರ್ಥದಲ್ಲೂ ಒಮ್ಮತವಿರಲಿಲ್ಲ. ದರ್ಪದವನು ಎಂದು ಕೆಲವರು, ಕೊಳಕು ತಲೆಯವನು ಎಂದು ಇನ್ನು ಕೆಲವರು.

"ಬರ್ತ್‌ಡೇ ಗಿಫ್ಟಲ್ಲಿ ಕೊಳಕು ತಲೆ ಬೇಡ ರೀ," ಎಂದರು ಮೇಡಂ. "ದರ್ಪ ಹಾಕಿ. ಎಂಬತ್ತಕ್ಕೆ ದರ್ಪ ಚೆನ್ನಾಗಿರತ್ತೆ."

ಆಮೇಲೆ ನಕ್ಷೆ. ಈ ಹೆಸರಿನವರು ಈಗಿರುವ ಊರುಗಳಿಗೆಲ್ಲ ಕಂಪ್ಯೂಟರೇ ಒಂದೊಂದು ಚುಕ್ಕಿ ಇಡುತ್ತದೆ. ವೆಕ್ಸ್‌ಫರ್ಡ್, ಪಕ್ಕದ ವಿಕ್ಲೋ, ಕಾರ್ಲೋ, ಡಬ್ಲಿನ್‌ಗಳಲ್ಲಿ ಚುಕ್ಕಿಗಳು ಸಾಸಿವೆ ಚೆಲ್ಲಿದ ಹಾಗೆ ದಟ್ಟವಾಗಿದ್ದವು. ಅಲ್ಲಿಂದ ಕೆಲಸ ಹುಡುಕಿ ಲಿವರ್‌ಪೂಲಿಗೆ, ಮೀನುಗಾರಿಕೆಗೆ ನ್ಯೂಫೌಂಡ್‌ಲೆಂಡಿಗೆ, ಕುರಿ ಸಾಕಲು ಅರ್ಜೆಂಟೀನಾಕ್ಕೆ, ಇನ್ನೂ ಮುಂದಕ್ಕೆ ಅಮೆರಿಕ, ಆಸ್ಟ್ರೇಲಿಯಾಗಳಿಗೆ ಗೆರೆಗಳು ಹೋದವು. ಒಂದೊಂದಕ್ಕೂ ದಾರಿ ಸಿಕ್ಕಿತು.

ಹಾಗೆ ಸಿಗದಿದ್ದದ್ದು ಬೆಂಗಳೂರು, ಮೈಸೂರಿನ ನಡುವೆ ಕುಳಿತಿದ್ದ ಬೆರಳೆಣಿಕೆಯ ಚುಕ್ಕಿಗಳಿಗೆ. ನೋಡಿ ನಗು ಬಂತು. ನಮ್ಮ ಜನಕ್ಕೆ ಮನೆತನದ ಹೆಸರು ಎಂಬುದೇ ಒಂದು ಗೋಜಲು ತಾನೆ? ನನ್ನ ಪಾಸ್‌ಪೋರ್ಟಿನ ಆ ಖಾನೆಯಲ್ಲಿ ಇರುವುದು ನನ್ನ ಗಂಡನ ಹೆಸರು. ನಮ್ಮ ಯಜಮಾನರ ಪಾಸ್‌ಪೋರ್ಟಿನಲ್ಲಿ ಅವರ ಅಪ್ಪನ ಹೆಸರು. ಮೈದುನನದರಲ್ಲಿ ಊರ ಹೆಸರು. ಒಂದೇ ಮನೆಯಲ್ಲಿ ಮೂರು. ಆ ಖಾನೆ ಖಾಲಿ ಬಿಡಬಾರದೆಂದು ನಾವು ಕೈಗೆ ಸಿಕ್ಕಿದ್ದನ್ನು ತುಂಬುವವರು. ಯಾರೋ ಓದಿದ ಶಾಲೆಯ ಹೆಸರನ್ನೋ ಇಷ್ಟದ ಆಟಗಾರನ ಹೆಸರನ್ನೋ ಬರೆದಿದ್ದಾರೆ ಎಂದುಕೊಂಡು ಅಷ್ಟನ್ನೂ ಅಳಿಸಿದೆ. ಮೇಡಂಗೂ ಹೇಳಿದೆ.

"ಕರೆಕ್ಟ್. ನಮ್ಮೋರು ಏನ್ ಬೇಕಾದ್ರೂ ತುಂಬ್ತಾರೆ," ಎಂದು ಅವರೂ ನಕ್ಕರು. ಬೇರೆ ಯಾವ ದೇಶದವರಾಗಿದ್ದರೂ ಆ ಚುಕ್ಕಿಗಳನ್ನು ಇನ್ನೊಮ್ಮೆ ನೋಡುತ್ತಿದ್ದರೇನೋ.

ಉಳಿದದ್ದು ಸಿಂಗಾಪುರದ ಚುಕ್ಕಿ. ಅಜ್ಜ ಸೈನ್ಯದ ಜೊತೆ ಹಡಗಿನಲ್ಲಿ ಬಂದು, ಇಲ್ಲೇ ಮದುವೆಯಾಗಿ ಉಳಿದರು ಎಂದು ಮಗಳು ಹೇಳಿದ್ದಳು. ಸೈನಿಕರ ಪಟ್ಟಿಗಳನ್ನು ಜಾಲಾಡಿದೆ. ಹೊಂದುವ ಒಬ್ಬನೂ ಇಲ್ಲ. ವೆಕ್ಸ್‌ಫರ್ಡಿನ ಸ್ಥಳೀಯ ಇತಿಹಾಸ ಬಲ್ಲ ಒಬ್ಬರಿಗೆ ಮೇಲ್ ಕಳಿಸಿದೆ. ಇಲ್ಲಿ ಈ ಹೆಸರು ಹುಲ್ಲಿನಷ್ಟು ಸಾಮಾನ್ಯ, ಹಳ್ಳಿ ಯಾವುದೆಂದು ತಿಳಿಯದೆ ಏನೂ ಹೇಳಲಾರೆ ಎಂದು ಸೌಮ್ಯವಾದ ಉತ್ತರ ಬಂತು. ಚೌಕಟ್ಟಿನ ಗಡುವು ಹತ್ತಿರವಾಯಿತು.

"ಒಂದು ಊರು ಹಾಕಿ ರೀ. ಪಕ್ಕದಲ್ಲಿ 'ಬಹುಶಃ' ಅಂತ ಸಣ್ಣಕ್ಕೆ ಸೇರ್ಸಿ," ಎಂದರು ಮೇಡಂ.

ಉತ್ತರ ವೆಕ್ಸ್‌ಫರ್ಡಿನಲ್ಲಿ, ಹೆಸರು ಹೆಚ್ಚು ದಟ್ಟವಾಗಿದ್ದ ಒಂದು ಸಣ್ಣ ಊರನ್ನು ಹಾಕಿದೆ. ಲಿವರ್‌ಪೂಲಿನಿಂದ ಸೂಯೆಜ್ ಮೂಲಕ ಸಿಂಗಾಪುರಕ್ಕೆ ಚಂದದ ಒಂದು ಗೆರೆ ಎಳೆದೆ. ಅಚ್ಚಿನ ಕರಡನ್ನು ಅಂಕಲ್ ಒಮ್ಮೆ ನೋಡಲಿ ಎಂದು ಸಂಕ್ರಾಂತಿ ಕಳೆದ ಮೇಲೆ ಬೆಡೋಕಿಗೆ ಹೊರಟೆ.

ಅಂಕಲ್‌ರದು ಅಚ್ಚುಕಟ್ಟಾದ ಮನೆ. ಬಾಗಿಲಲ್ಲಿ ಚಪ್ಪಲಿಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ಗೂಡಿನಲ್ಲಿ ಮಾತೆಯ ಸಣ್ಣ ಪ್ರತಿಮೆ, ಅದರ ಮುಂದೆ ಗಾಜಿನ ಸಾಸರಿನಲ್ಲಿ ಸುತ್ತಿಟ್ಟ ಜಪಮಾಲೆ. ಅವರು ಆಡುವುದು ಇಲ್ಲಿನ ಇಂಗ್ಲಿಷ್. ನನಗೆ ಕೇಳಿಸಿದ ಧಾಟಿಯಲ್ಲೇ, ಇಲ್ಲಿನವರು ಮಾತಿನ ತುದಿಗೆ ಸೇರಿಸುವ 'ಲಾ' ಸಮೇತ, ಅದನ್ನು ಕನ್ನಡಕ್ಕೆ ತಂದಿದ್ದೇನೆ.

"ರಾಜನ ಮಗ," ಎಂದು ಅವರು ಕರಡನ್ನು ಮೂಗಿನ ಹತ್ತಿರ ಹಿಡಿದು ಓದಿದರು. "ನೋಡಿದಿರಾ, ನನ್ನ ಮಗಳು ನನ್ನನ್ನು ದಿನಾ ಬೈಯುತ್ತಾಳೆ. ರಾಜನ ಮಗನನ್ನು ಹಾಗೆಲ್ಲ ಬೈಯಬಾರದು ಲಾ."

ನಾನು ನಕ್ಕೆ. ಅವರ ಮೈಬಣ್ಣ ನನಗಿಂತ ಎರಡು ಪಟ್ಟು ಕಪ್ಪು. ನಾನು ನೋಡಿದ್ದನ್ನು ಅವರು ಗಮನಿಸಿದರೋ ಏನೋ, "ಈ ಕಲರ್ ಅಜ್ಜಿ ಕಡೆಯಿಂದ. ಅಜ್ಜ ಬಿಳಿಯೇ, ಆದರೆ ಬಿಸಿಲಲ್ಲಿ ಸೈನ್ಯದ ಬ್ಯೂಗಲ್ ಊದಿ ಊದಿ ಸುಟ್ಟುಹೋಗಿದ್ದರು. ಫೋಟೊ ಎಲ್ಲ ಯುದ್ಧದಲ್ಲಿ ಹೋಯಿತು," ಎಂದರು. ಎಷ್ಟೋ ಸಲ ಹೇಳಿ ನುಣುಪಾದ ಮಾತು ಅದು.

ಆಮೇಲೆ ಕಪಾಟಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದರು. "ತೆಗೆದುಕೊಳ್ಳಿ. ನಮ್ಮ ಮನೆಯ ಐರಿಷ್ ಸ್ವೀಟ್. ಜನವರಿ ಮಧ್ಯದಲ್ಲಿ ಮಾತ್ರ ಮಾಡುತ್ತೇವೆ. ಅಜ್ಜ ಕಲಿಸಿದ್ದು."

ಮುಚ್ಚಳ ತೆಗೆದರು. ಹುರಿದ ಬಿಳಿ ಎಳ್ಳು. ಹುರಿಗಡಲೆ. ಸಿಪ್ಪೆ ಉಜ್ಜಿ ಎರಡು ಹೋಳು ಮಾಡಿದ ಕಡಲೆಕಾಯಿ ಬೀಜ. ಸಣ್ಣಗೆ ಹೆಚ್ಚಿ ಒಣಗಿಸಿದ ಬೆಲ್ಲ. ಕೊಬ್ಬರಿ.

ನನ್ನ ಕೈ ಡಬ್ಬಿಯ ಮೇಲೆ ಹಾಗೇ ನಿಂತಿತು. ಎಳ್ಳು, ಬೆಲ್ಲ ಯಾರ ಮನೆಯಲ್ಲಾದರೂ ಇರಬಹುದು. ಆದರೆ ಆ ಕೊಬ್ಬರಿಯ ಕಂದು ಸಿಪ್ಪೆಯನ್ನು ಒಂದಿಷ್ಟೂ ಉಳಿಯದಂತೆ ಕೆರೆದು ತೆಗೆದು, ಅಚ್ಚ ಬಿಳಿಯ ಭಾಗವನ್ನು ಕಡಲೆಯಷ್ಟೇ ಗಾತ್ರಕ್ಕೆ ಹೆಚ್ಚಿದ್ದರು. ನನ್ನ ಅಮ್ಮ ಹೀಗೆ ಮಾಡುತ್ತಾಳೆ. ನಾನು ಹೀಗೆ ಮಾಡುತ್ತೇನೆ. ಟೋವಾ ಪಾಯೋದಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ಹೊತ್ತಿನಲ್ಲಿ ಇದೇ ಎಳ್ಳುಬೆಲ್ಲದ ಡಬ್ಬಿ ಕೂತಿತ್ತು.

ಅವರು ಹಿಂದಿರುಗಿಸಿದ ಕರಡು ಬಲಗೈಯಲ್ಲಿದ್ದುದರಿಂದ ಮುಂದೆ ಹೋಗಿದ್ದು ನನ್ನ ಎಡಗೈ. ಅಂಕಲ್ ಡಬ್ಬಿಯನ್ನು ಸ್ವಲ್ಪ ಹಿಂದಕ್ಕೆಳೆದರು. "ಆ ಕೈ ಅಲ್ಲ. ಅಜ್ಜ ಇದ್ದಿದ್ದರೆ ಗಂಟಿಗೆ ಹೊಡೆಯುತ್ತಿದ್ದರು."

ಬಲಗೈ ಚಾಚಿದೆ. ಮೊದಲು ಕಾರಿಡಾರಿನ ಮನೆಗಳಿಗೆಲ್ಲ ಕೊಟ್ಟು ಆಮೇಲೆ ತಾವು ತಿನ್ನಬೇಕು, ಕೊಡುವಾಗ ಒಳ್ಳೆಯ ಮಾತು ಆಡಿ ಎಂದು ಹೇಳಬೇಕು, ಇದು ಅಜ್ಜನ ನಿಯಮ ಎಂದರು. ನನ್ನ ಬಾಯಲ್ಲಿ ಎಳ್ಳು ಇತ್ತು, ಅಗಿಯಲು ಆಗಲಿಲ್ಲ.

"ಪಕ್ಕದ ಮನೆಯ ತಮಿಳು ಆಂಟಿ, ಇದು ಇಂಡಿಯನ್ ತರಹ ಇದೆ ಅನ್ನುತ್ತಾಳೆ. ಅವರು ನಮ್ಮಿಂದ ಕಾಪಿ ಮಾಡಿರಬೇಕು ಲಾ," ಎಂದು ಅಂಕಲ್ ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಒಂದು ಡಬ್ಬಿ ವೆಕ್ಸ್‌ಫರ್ಡಿಗೆ ತೆಗೆದುಕೊಂಡು ಹೋಗುತ್ತೇನೆ. ಆದರೆ ಇದರಲ್ಲಿ ಏನೋ ಒಂದು ಕಡಿಮೆ. ಅಜ್ಜ ಪ್ರತಿ ವರ್ಷ ಬಾಯಿಗೆ ಹಾಕಿಕೊಂಡು, ಬಿಳಿ ಹಕ್ಕಿ ಇಲ್ಲ, ಅನ್ನುತ್ತಿದ್ದರು. ಅವರ ಊರಲ್ಲಿ ಮಕ್ಕಳು ಬಿಳಿ ಹಕ್ಕಿ ತಿನ್ನುತ್ತಿದ್ದರಂತೆ, ಬಾಯಲ್ಲಿಟ್ಟರೆ ಕರಗುತ್ತಿತ್ತಂತೆ. ಹಿಮದಲ್ಲಿ ಮಾಡಿದ ಹಕ್ಕಿ ಇರಬೇಕು. ಅಲ್ಲಿ ಹಿಮ ಬೀಳುತ್ತದಲ್ಲ. ಅಲ್ಲಿಯವರನ್ನು ಕೇಳಬೇಕು."

ಚೆನ್ನಾಗಿದೆ ಅಂಕಲ್ ಎಂದಷ್ಟೇ ಹೇಳಿ ಎದ್ದೆ. ಎಂಆರ್‌ಟಿ ರೈಲಿನಲ್ಲಿ ಕೂತೆ. ಇಳಿಯಬೇಕಾದ ಸ್ಟೇಷನ್ ದಾಟಿ ಹೋಗಿದ್ದು ತಿಳಿಯಲಿಲ್ಲ.

ಆ ಬಿಳಿ ಹಕ್ಕಿಯನ್ನು ನಾನು ಬಲ್ಲೆ. ಸಕ್ಕರೆ ಅಚ್ಚು. ಪಾಕವನ್ನು ಮರದ ಅಚ್ಚಿಗೆ ಹೊಯ್ದು ಮಾಡುವ ಗಿಳಿ, ಮೀನು, ತುಳಸಿಕಟ್ಟೆ. ಬೆಂಗಳೂರಿನಿಂದ ಅಮ್ಮ ಪ್ರತಿ ವರ್ಷ ಹತ್ತಿಯಲ್ಲಿ ಸುತ್ತಿ ಕಳಿಸುತ್ತಾಳೆ.

ಮನೆ ತಲುಪಿ ನನ್ನ ಶಾಲೆಯ ಬೆಂಚಿನ ಗೆಳತಿಗೆ ಫೋನ್ ಮಾಡಿದೆ. ಅವಳು ಮೈಸೂರಿನಲ್ಲಿದ್ದಾಳೆ. ಅವಳ ಹೆಸರಿನ ಕೊನೆಯಲ್ಲೂ ಒಂದು ಐರಿಷ್ ಹೆಸರಿದೆ. ಮನೆಮಾತು ಕನ್ನಡ, ಬುತ್ತಿಯಲ್ಲಿ ಉಪ್ಪಿಟ್ಟು. ಮೂರು ವರ್ಷ ಪಕ್ಕದಲ್ಲಿ ಕೂತಿದ್ದರೂ ಆ ಹೆಸರು ಎಲ್ಲಿಂದ ಬಂತೆಂದು ನಾನು ಕೇಳಿರಲೇ ಇಲ್ಲ. ಈಗ ಕೇಳಿದೆ.

"ಇಷ್ಟು ವರ್ಷ ಆದ್ಮೇಲೆ ಕೇಳ್ತಿದ್ದೀಯಲ್ಲೇ, ಮಹಾತಾಯಿ," ಎಂದಳು. "ನಮ್ಮ ಮುತ್ತಜ್ಜ ಬರಗಾಲದಲ್ಲಿ ತಬ್ಬಲಿ ಆದ ಮಗು ಕಣೆ. ಬೆಂಗಳೂರು ಕಂಟೋನ್ಮೆಂಟ್ ಹತ್ರ ಅನಾಥಾಲಯ ಇತ್ತು. ಸ್ನಾನದೀಕ್ಷೆ ಕೊಟ್ಟ ಪಾದ್ರಿ ಐರ್ಲೆಂಡಿನೋರು. ಅಪ್ಪನ ಹೆಸರು ಗೊತ್ತಿಲ್ಲದ ಮಕ್ಕಳಿಗೆ ತಮ್ಮ ಹೆಸರೇ ಕೊಟ್ರು. ಅಷ್ಟೇ."

"ಕಿನ್ಸೆಲಾ ಅಂತ ಯಾರಾದ್ರೂ ಗೊತ್ತಾ ನಿಂಗೆ?"

"ಇದ್ದಾರಲ್ಲ, ನಮ್ಮ ಚರ್ಚಲ್ಲೇ ಎರಡು ಮನೆ. ಅವರಿಗೆ ಇನ್ನೊಬ್ಬ ಪಾದ್ರಿ ಹೆಸರು, ಅದೇ ಅನಾಥಾಲಯ. ಆ ಎರಡು ಮನೇರೂ ಸಂಬಂಧಿಕರಲ್ಲ ಮತ್ತೆ. ಅವರಲ್ಲೇ ಹೆಣ್ಣು ಕೊಟ್ಟು ತಂದುಕೊಂಡಿದ್ದಾರೆ."

ನಾನು ನಗುತ್ತಾ ಅಳಿಸಿದ ಚುಕ್ಕಿಗಳು ಅವು. ಎಂಬತ್ತರ ಅಂಕಲ್ ವಿಷಯ ಹೇಳಿದೆ. ಎಳ್ಳು, ಬ್ಯೂಗಲ್, ಹಕ್ಕಿ, ಜಪಮಾಲೆ ಎಲ್ಲ.

"ನೂರಕ್ಕೆ ನೂರು ಅಂತ ಹೇಳಲಾರೆ ಕಣೆ. ಆದ್ರೆ ಅಲ್ಲಿ ಹುಡುಗರಿಗೆ ಬ್ಯಾಂಡ್ ಕಲಿಸ್ತಿದ್ರು. ದೊಡ್ಡೋರಾದ್ಮೇಲೆ ಪಲ್ಟನ್ ಜೊತೆ ಬರ್ಮಾ, ಸಿಂಗಾಪುರ ಅಂತ ಹೋದ್ರಂತೆ. ಅಡುಗೆಗಿದ್ದ ಹೆಂಗಸರು ನಮ್ಮ ಕಡೆಯೋರೇ. ಸಂಕ್ರಾಂತಿಗೆ ಎಳ್ಳು ಬೀರದೆ ಬಿಡ್ತಿದ್ರಾ? ಈಗ ಆ ಕಟ್ಟಡ ಇಲ್ಲ. ಮರಿಯಮ್ಮನ ಗವಿ ಮಾತ್ರ ಇದೆ, ಮಕ್ಕಳು ಮಂಡಿಯೂರಿ ಊರಿ ಕಲ್ಲು ಸವೆದಿದೆ."

ಮರುದಿನ ಉಬಿಗೆ ಹೋದೆ. ವಿಷಯವೆಲ್ಲ ಕೇಳಿ ಮೇಡಂ ಕೈಯಲ್ಲಿದ್ದ ಕಾಫಿ ಕೆಳಗಿಟ್ಟರು.

"ಹಾಳೆಯಲ್ಲಿ ಸುಳ್ಳು ಏನಿದೆ ಹೇಳಿ? ರಾಜ ನಿಜ, ವೆಕ್ಸ್‌ಫರ್ಡ್ ನಿಜ. ನಾವು ಹೆಸರಿನ ಕಥೆ ಬರೀತೀವಿ, ಮನುಷ್ಯರದ್ದಲ್ಲ. ಎಂಬತ್ತು ವರ್ಷ ನಂಬಿದ್ದಾರೆ. ಫ್ರೇಮ್ ಕೊಟ್ಟು ಸುಮ್ಮನಿರೋಣ."

ಆ ಮಾತು ತಪ್ಪೂ ಆಗಿರಲಿಲ್ಲ. ಎಂಬತ್ತರ ಮುದುಕರ ಕೈಯಿಂದ ಅವರ ಊರನ್ನೇ ಕಿತ್ತುಕೊಳ್ಳಲು ನನಗೆ ಯಾವ ಅಧಿಕಾರ? ಇಬ್ಬರೂ ಸುಮ್ಮನಿದ್ದರೆ ಆ ಗೆರೆ ಗೋಡೆಯ ಮೇಲೆ ಚಂದವಾಗಿಯೇ ಇರುತ್ತಿತ್ತು. ಆದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಸವೆದ ಮಂಡಿಯ ಅಂಕಲ್, ಚಳಿಯಲ್ಲಿ, ನಾನು 'ಬಹುಶಃ' ಎಂದು ಆರಿಸಿದ ಊರಿನ ಚರ್ಚಿನಲ್ಲಿ ಜಪಮಾಲೆ ಇಟ್ಟು, ಹೊರಗೆ ಬಂದು, ಗುರುತಿಲ್ಲದವರಿಗೆ ಎಳ್ಳುಬೆಲ್ಲದ ಡಬ್ಬಿ ಚಾಚುವುದು. ಬಿಳಿ ಹಕ್ಕಿ ಎಲ್ಲಿ ಸಿಗುತ್ತದೆ ಎಂದು ಅವರನ್ನು ಕೇಳುವುದು.

"ಅವರು ಹೆಸರನ್ನು ಕರ್ಕೊಂಡು ಹೋಗ್ತಿಲ್ಲ ಮೇಡಂ," ಎಂದೆ. "ಅಜ್ಜನ್ನ ಕರ್ಕೊಂಡು ಹೋಗ್ತಿದ್ದಾರೆ. ನಾನು ಹೇಳ್ತೀನಿ."

ಮೇಡಂ ಎದುರು ನಾನು ಅಷ್ಟು ನೇರವಾಗಿ ಯಾವತ್ತೂ ಮಾತಾಡಿದವಳಲ್ಲ. ಅವರು ಹುಬ್ಬೇರಿಸಿದರು. "ಹೇಳಿ. ಅವರ ಮಗಳು ಬೈದರೆ ನೀವೇ ಕೇಳಿಸಿಕೊಳ್ಳಿ."

ಹಳೆಯ ಕಡತ ತೆರೆದು ಅಳಿಸಿದ ಚುಕ್ಕಿಗಳನ್ನು ಒಂದೊಂದಾಗಿ ಮತ್ತೆ ಇಟ್ಟೆ. ಲಿವರ್‌ಪೂಲಿನಿಂದ ಬರುತ್ತಿದ್ದ ಗೆರೆ ತೆಗೆದೆ. ವೆಕ್ಸ್‌ಫರ್ಡಿನಿಂದ ಬೆಂಗಳೂರಿಗೆ ಒಂದು ಗೆರೆ, ಅದರ ಪಕ್ಕದಲ್ಲಿ 'ಒಬ್ಬ ಪಾದ್ರಿಯ ಜೊತೆ' ಎಂದು. ಬೆಂಗಳೂರಿನಿಂದ ಸಿಂಗಾಪುರಕ್ಕೆ ಇನ್ನೊಂದು, ತುಂಡು ತುಂಡಾದ ಗೆರೆ. 'ಬಹುಶಃ' ಈ ಸಲ ಉಳಿದ ಅಕ್ಷರಗಳಷ್ಟೇ ದೊಡ್ಡದಾಗಿ.

ಶನಿವಾರ ಅಂಕಲ್ ಮನೆಯಲ್ಲಿ ಮಗಳೂ ಇದ್ದಳು. ನಾನು ಹಾಳೆಯನ್ನು ಚೀಲದಲ್ಲೇ ಬಿಟ್ಟು ನನ್ನ ಡಬ್ಬಿಯನ್ನು ಅವರ ಡಬ್ಬಿಯ ಪಕ್ಕದಲ್ಲಿಟ್ಟು ಮುಚ್ಚಳ ತೆಗೆದೆ. ಇದು ನಮ್ಮ ಮನೆಯದು, ಮೈಸೂರು ಸೀಮೆಯಲ್ಲಿ ಈ ತಿಂಗಳು ಎಲ್ಲರ ಮನೆಯಲ್ಲೂ ಮಾಡುತ್ತಾರೆ ಎಂದೆ. ಅಂಕಲ್ ಎರಡೂ ಡಬ್ಬಿ ನೋಡಿದರು. ನನ್ನ ಡಬ್ಬಿಯಿಂದ ಒಂದು ಚೂರು ಕೊಬ್ಬರಿ ಎತ್ತಿ, ಅದರ ಕೆರೆದ ಅಂಚನ್ನು ಉಗುರಿನಿಂದ ಸವರಿದರು. ಮುಖದಲ್ಲಿದ್ದ ನಗು ನಿಧಾನವಾಗಿ ಇಳಿಯಿತು. ಹತ್ತಿ ಬಿಡಿಸಿ ಸಕ್ಕರೆಯ ಗಿಳಿಯನ್ನು ಅವರ ಅಂಗೈಯಲ್ಲಿಟ್ಟೆ.

ನಾನು ಬೆಂಗಳೂರಿನ ಅನಾಥಾಲಯ, ಪಾದ್ರಿ, ಬ್ಯಾಂಡು, ಗವಿ ಎಲ್ಲವನ್ನೂ ಹೇಳಿದೆ. ಖಚಿತವಿಲ್ಲದ್ದನ್ನು ಖಚಿತವಿಲ್ಲ ಎಂದೇ ಹೇಳಿದೆ.

ಮೊದಲು ಮಾತಾಡಿದವಳು ಮಗಳು. "ನಾವು ಕೇಳಿದ್ದು ಒಂದು ಫ್ರೇಮ್. ನೀವು ತಿಂಡಿ ತಂದು ಇವರ ಅಜ್ಜನನ್ನು ಅನಾಥ ಮಾಡಿದಿರಿ. ಹೋಟೆಲ್, ಟ್ಯಾಕ್ಸಿ ಎಲ್ಲ ಬುಕ್ ಆಗಿದೆ. ಇದೆಲ್ಲ ಹುಟ್ಟುಹಬ್ಬದ ವಾರದಲ್ಲೇ ಹೇಳಬೇಕಿತ್ತೇ?"

ಅವಳು ಮುಖ ತಿರುಗಿಸಿ ಮೊಬೈಲ್ ತೆಗೆದು ಏನನ್ನೋ ಒತ್ತತೊಡಗಿದಳು. ಅಂಕಲ್ ಗೂಡಿನ ಜಪಮಾಲೆಯ ಕಡೆ ನೋಡುತ್ತಾ ಕೂತಿದ್ದರು. ಪಕ್ಕದ ಮನೆಯ ಕುಕ್ಕರ್ ಎರಡು ಸಲ ಕೂಗಿತು.

"ಆ ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ ಅಲ್ವಾ?" ಎಂದರು ಕೊನೆಗೆ.

"ಇಲ್ಲ ಅಂಕಲ್. ಈಗ ಹಗಲು ಒಳ್ಳೆ ಬಿಸಿಲಿರುತ್ತೆ."

"ಮಂಡಿಗೆ ಒಳ್ಳೆಯದು." ಅಂಕಲ್ ಗಿಳಿಯನ್ನು ಎರಡು ಕೈಯಲ್ಲಿ ಹಿಡಿದು ಕುತ್ತಿಗೆಯ ಹತ್ತಿರ ಮುರಿದರು. ತಲೆಯ ಕಡೆಯದನ್ನು ತಮ್ಮ ಬಾಯಿಗೆ ಹಾಕಿಕೊಳ್ಳಲಿಲ್ಲ. ಮಗಳ ಕಡೆಗೆ ಚಾಚಿದರು.

ಅವಳು ಬಲಗೈಯಲ್ಲಿ ಮೊಬೈಲ್ ಹಿಡಿದುಕೊಂಡೇ, ಇನ್ನೂ ನೋಡದೆ, ಎಡಗೈ ನೀಡಿದಳು. ಅಂಕಲ್ ಕೊಡಲಿಲ್ಲ. ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಕಾದರು. ಸಕ್ಕರೆ ಅವರ ಬೆರಳಿನ ಬೆವರಿಗೆ ಸ್ವಲ್ಪ ಸ್ವಲ್ಪವೇ ಅಂಟುತ್ತಿತ್ತು.

ಅವಳು ತಲೆಯೆತ್ತಿ ಅಪ್ಪನನ್ನು ನೋಡಿದಳು. ಮೊಬೈಲನ್ನು ಮೇಜಿನ ಮೇಲೆ ಬೋರಲು ಇಟ್ಟು, ಬಲಗೈ ಚಾಚಿದಳು.